ಹೆಬ್ಬೆಟ್ಟಿನ ಗುರುತು, ಕಾಗದದ ನ್ಯಾಯ

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೊರಡುವ ರೈಲು ಉರಿಗಾಂ ಸಮೀಪಿಸುವ ಹೊತ್ತಿಗೆ ಕಿಟಕಿಯ ಹೊರಗೆ ಬೂದು ಬಣ್ಣದ ದಿಬ್ಬಗಳು ಕಾಣತೊಡಗುತ್ತವೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿ ಮಣ್ಣಿನ ಈ ರಾಶಿಗಳನ್ನು ಊರವರು ಸೈನೈಡ್ ಗುಡ್ಡಗಳೆಂದು ಕರೆಯುತ್ತಾರೆ. ಬೇಸಿಗೆಯ ಗಾಳಿಗೆ ಅದರ ದೂಳು ಮನೆಯೊಳಗೂ ಬರುತ್ತದೆ. ಇದೇ ನೆಲದಿಂದ ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಹೊರಬಂತು. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು. ಚಿನ್ನದ ಮಾತು ಅಲ್ಲಿಗೆ ಮುಗಿಯಿತೆನ್ನಬಹುದು. ಆದರೆ ಕಾಗದದ ಮಾತು ಮುಗಿಯಲಿಲ್ಲ.

ಗಣಿಯ ಚರಿತ್ರೆ ಬರೆದವರು ಇಂಗ್ಲೆಂಡಿನ ಕಂಪನಿಗಳ ಬಗ್ಗೆ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಬಾವಿಯ ಬಗ್ಗೆ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತಿನ ಬಗ್ಗೆ ಬರೆದಿದ್ದಾರೆ. ಗಣಿ ಸೀಮೆಯ ಪೇಟೆ ಬೀದಿಯ ಸಣ್ಣ ವಕೀಲರ ಕಚೇರಿಯ ಬಗ್ಗೆ ಬರೆದವರು ಕಡಿಮೆ. ಒಂದು ಮೇಜು, ಗೋಡೆಯ ತುಂಬ ಕಾನೂನು ವರದಿಗಳ ಸಂಪುಟಗಳು, ಒಬ್ಬ ಹಿರಿಯರು, ಒಂದಿಬ್ಬರು ಕಿರಿಯರು, ಒಬ್ಬ ಗುಮಾಸ್ತೆ. ಅಂಥ ಕಚೇರಿ ಏನು ಮಾಡುತ್ತದೆ, ಗಣಿ ಸೀಮೆಯಂಥ ಊರಿಗೆ ಅದು ಏಕೆ ಬೇಕಾಯಿತು ಎಂದು ತಿಳಿಯಬೇಕಾದರೆ ಹೆಬ್ಬೆಟ್ಟಿನ ಗುರುತಿನ ಕಥೆಯನ್ನು ಹಿಡಿದು ಹೋಗಬೇಕು.

ಕೂಲಿಗೆ ಯಾರು ಧಣಿ?

1870ರ ದಶಕದಲ್ಲಿ ಐರಿಷ್ ಮೂಲದ ಲಾವೆಲ್ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದ. ಮುಂದಿನ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಗಣಿಗಳು ಬೆಳೆದವು. ಕೆಲಸಕ್ಕೆ ಜನ ಬಂದದ್ದು ಹೆಚ್ಚಾಗಿ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ಹಳ್ಳಿಗಳಿಂದ. ಅವರಲ್ಲಿ ಬಹುಪಾಲು ಮಂದಿ ಭೂಮಿಯಿಲ್ಲದ ದಲಿತರು. ತಮಿಳು, ತೆಲುಗು ಮಾತನಾಡುವವರು. ಓದು ಬರಹ ಬಾರದವರು.

ಇವರಲ್ಲಿ ಅನೇಕರನ್ನು ಕಂಪನಿ ನೇರವಾಗಿ ನೇಮಿಸಿಕೊಳ್ಳುತ್ತಿರಲಿಲ್ಲ. ನಡುವೆ ಮೇಸ್ತ್ರಿ ಅಥವಾ ಕಂತ್ರಾಟುದಾರ ಇರುತ್ತಿದ್ದ. ಮುಂಗಡ ಕೊಟ್ಟು ಕರೆತರುವವನೂ ಅವನೇ, ಕೂಲಿ ಹಂಚುವವನೂ ಅವನೇ. ಕಲ್ಲು ಸಿಡಿದು ಆಳು ಸತ್ತರೆ ಅವನು ಯಾರ ಆಳು ಎಂಬ ಪ್ರಶ್ನೆಗೆ ಸುಲಭದ ಉತ್ತರ ಇರಲಿಲ್ಲ.

ಕಾನೂನು ಆಗಲೂ ಇತ್ತು. ಆದರೆ ಅದು ಹೆಚ್ಚಾಗಿ ಚಿನ್ನದ ಕಡೆಗಿತ್ತು. ಗಣಿ ಪ್ರದೇಶಕ್ಕೆಂದೇ ವಿಶೇಷ ಮ್ಯಾಜಿಸ್ಟ್ರೇಟರಿದ್ದರು. ಲೆಕ್ಕ ಹೇಳಲಾಗದ ಚಿನ್ನದ ಅದಿರು ಯಾರ ಬಳಿ ಸಿಕ್ಕರೂ ಅದು ಕದ್ದದ್ದಲ್ಲ ಎಂದು ತೋರಿಸುವ ಹೊಣೆ ಆತನದೇ ಆಗಿತ್ತು. ಗಣಿ ಕಾರ್ಮಿಕನಿಗೆ ನ್ಯಾಯಾಲಯದ ಮೊದಲ ಪರಿಚಯವಾದದ್ದು ಆರೋಪಿಯ ಕಟಕಟೆಯಿಂದ. ಆತನಿಗೆ ವಕೀಲ ಬೇಕಾದದ್ದೂ ಮೊದಲು ಅಲ್ಲಿಯೇ.

ಬೆರಳಿನ ಮುದ್ರೆಯ ಮುಷ್ಕರ

1930ರ ಏಪ್ರಿಲ್‌ನಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, ಗಣಿ ಕಂಪನಿಗಳು ಕಾರ್ಮಿಕರನ್ನೆಲ್ಲ ನೋಂದಾಯಿಸಿ ಬೆರಳಚ್ಚು ಪಡೆಯುವ ಹೊಸ ಪದ್ಧತಿ ತಂದವು. ಒಂದು ಗಣಿಯಲ್ಲಿ ಕೆಲಸದಿಂದ ತೆಗೆದವನು ಹೆಸರು ಬದಲಿಸಿ ಇನ್ನೊಂದರಲ್ಲಿ ಸೇರಿಕೊಳ್ಳುವುದನ್ನು ತಡೆಯಲು ಇದರಿಂದ ಸಾಧ್ಯವಿತ್ತು. ಕಾರ್ಮಿಕರಿಗೆ ಅದರಲ್ಲಿ ಕಂಡದ್ದು ಅವಮಾನ. ಬೆರಳಚ್ಚು ಪಡೆಯುವುದು ಕಳ್ಳರಿಂದ ಅಲ್ಲವೇ? ಸಂಘವಿರಲಿಲ್ಲ, ನಾಯಕರೆನ್ನುವವರೂ ಇರಲಿಲ್ಲ. ಆದರೂ ಸಾವಿರಾರು ಮಂದಿ ಗಣಿಗೆ ಇಳಿಯಲಿಲ್ಲ. ಸುಮಾರು ಮೂರು ವಾರ ನಡೆದ ಮುಷ್ಕರದ ನಂತರ ಕಂಪನಿಗಳು ಹಿಂದೆ ಸರಿದವು.

ಈ ಮುಷ್ಕರವನ್ನು ತಿಳಿಗೇಡಿತನ ಎಂದವರಿದ್ದಾರೆ. ಬೆರಳಚ್ಚಿನಿಂದ ಕಾರ್ಮಿಕನಿಗೆ ಅನುಕೂಲವೂ ಇತ್ತಲ್ಲ ಎಂಬ ವಾದ ಅವರದು. ಆದರೆ ಕಾರ್ಮಿಕರು ಕೇಳಿದ ಪ್ರಶ್ನೆ ಸರಳವಾಗಿತ್ತು. ಈ ಗುರುತು ಯಾರ ಕಪಾಟಿನಲ್ಲಿ ಇರುತ್ತದೆ? ಯಾರ ಉಪಯೋಗಕ್ಕೆ? ಅದೇ ಬೆರಳು ಮುಂದೆ ವಕೀಲರ ಕಚೇರಿಯಲ್ಲಿ ಶಾಯಿಗೆ ಅದ್ದಿ ವಕಾಲತ್ತಿನ ಮೇಲೆ ಮೂಡಿದಾಗ ಅದರ ಅರ್ಥವೇ ಬೇರೆಯಾಯಿತು.

ಬರೆಯಲಾರದವನ ಗುರುತೂ ಸಹಿಯೇ ಎಂದು 1897ರ ಜನರಲ್ ಕ್ಲಾಸಸ್ ಕಾಯ್ದೆ ಹೇಳುತ್ತದೆ. ಮುಖ್ಯ ಎಂಜಿನಿಯರನ ಸಹಿಗೂ ಮಣ್ಣು ಹೊರುವವನ ಹೆಬ್ಬೆಟ್ಟಿಗೂ ಕಾನೂನಿನಲ್ಲಿ ಒಂದೇ ಬೆಲೆ. ಗಣಿ ಸೀಮೆಯಲ್ಲಿ ಇವರಿಬ್ಬರಿಗೆ ಸಮಾನ ಬೆಲೆಯಿದ್ದ ಜಾಗಗಳು ಹೆಚ್ಚೇನೂ ಇರಲಿಲ್ಲ.

ಪರಿಹಾರದ ಹಾದಿ

ಮೊದಲ ಕಾಲದಲ್ಲಿ ಗಾಯಗೊಂಡ ಕೂಲಿಗಾರ ಪರಿಹಾರ ಕೇಳಬೇಕಾದರೆ ಧಣಿಯ ತಪ್ಪನ್ನು ಸಾಬೀತುಪಡಿಸಬೇಕಿತ್ತು. ಭೂಮಿಯೊಳಗೆ ಸಾವಿರಾರು ಅಡಿ ಕೆಳಗೆ ನಡೆದ ಅಪಘಾತಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಬ್ರಿಟಿಷ್ ಭಾರತದ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಈ ಕಟ್ಟನ್ನು ಸಡಿಲಿಸಿತು. ಮೈಸೂರು ಸಂಸ್ಥಾನವೂ ಅದೇ ಮಾದರಿಯ ಕಾನೂನು ತಂದಿತು. ಕೆಲಸದ ಸಮಯದಲ್ಲಿ, ಕೆಲಸದ ಕಾರಣದಿಂದ ಅಪಘಾತವಾಯಿತು ಎಂದು ತೋರಿಸಿದರೆ ಸಾಕು, ಧಣಿಯ ತಪ್ಪು ಹುಡುಕಬೇಕಾಗಿಲ್ಲ ಎಂಬುದು ಇದರ ತಿರುಳು.

ಈ ಕಾಯ್ದೆಯ ಕೆಲವು ಕಲಮುಗಳು ಗಣಿ ಸೀಮೆಗೆಂದೇ ಬರೆದಂತಿದ್ದವು. ಕಂತ್ರಾಟುದಾರನ ಆಳಿಗೆ ಪೆಟ್ಟಾದರೆ ಮೂಲ ಧಣಿಯೇ ಪರಿಹಾರ ಕೊಡಬೇಕು, ಬೇಕಾದರೆ ಆಮೇಲೆ ಕಂತ್ರಾಟುದಾರನಿಂದ ವಸೂಲು ಮಾಡಿಕೊಳ್ಳಲಿ ಎನ್ನುತ್ತಿತ್ತು ಒಂದು ಕಲಮು. ಸಾವಿನ ಪ್ರಕರಣದಲ್ಲಿ ಹಣವನ್ನು ಮನೆಯವರ ಕೈಗೆ ನೇರವಾಗಿ ಕೊಡಬಾರದು, ಪರಿಹಾರ ಆಯುಕ್ತರಲ್ಲಿ ಠೇವಣಿ ಇಡಬೇಕು ಎನ್ನುತ್ತಿತ್ತು ಇನ್ನೊಂದು. ಆ ಹಣವನ್ನು ಸಾಲಗಾರ ಜಪ್ತಿ ಮಾಡುವಂತಿರಲಿಲ್ಲ. ಕೂಲಿ ಬಟವಾಡೆಯ ದಿನ ಬಡ್ಡಿ ಸಾಲದವರು ಕಾದು ನಿಲ್ಲುವ ಊರಿನಲ್ಲಿ ಇದರ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ. ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಅಷ್ಟಿಷ್ಟು ಕೊಟ್ಟು ಕಳುಹಿಸುವ ಚಾಳಿಗೂ ಇದೇ ತಡೆಯಾಗಿತ್ತು. ರಾಜಿಯಾದರೂ ಅದರ ಒಪ್ಪಂದ ಆಯುಕ್ತರಲ್ಲಿ ನೋಂದಣಿಯಾಗಬೇಕಿತ್ತು. ಮೊತ್ತ ತೀರ ಕಡಿಮೆಯೆನಿಸಿದರೆ ಅವರು ನಿರಾಕರಿಸಬಹುದಿತ್ತು.

ಆದರೆ ಕಲಮು ತನ್ನಷ್ಟಕ್ಕೆ ನಡೆದುಬರುವುದಿಲ್ಲ. ಅರ್ಜಿಗೆ ಕಾಲಮಿತಿಯಿತ್ತು. ಎಷ್ಟೋ ವಿಧವೆಯರು ಕರ್ಮಾಂತರ ಮುಗಿಸಿ ಹುಟ್ಟೂರಿಗೆ ಹೋದರೆ ಗಡುವು ಮೀರುತ್ತಿತ್ತು. ಅವಳಿಗೆ ಅವಧಿಯ ವಿಷಯ ಹೇಳುವವರು, ಸಂಬಳದ ಚೀಟಿ ಹುಡುಕಿಸುವವರು, ಆಸ್ಪತ್ರೆಯ ದಾಖಲೆಗೆ ಅರ್ಜಿ ಹಾಕುವವರು ಬೇಕಿತ್ತು. ಸಣ್ಣ ಕಚೇರಿಯ ಕೆಲಸ ಇಲ್ಲಿ ಶುರುವಾಗುತ್ತದೆ.

ಎದೆಯೊಳಗಿನ ದೂಳು

ಕಲ್ಲು ಬಿದ್ದರೆ ಗಾಯ ಕಾಣುತ್ತದೆ. ದೂಳು ಸೇರಿದರೆ ಕಾಣುವುದಿಲ್ಲ. ಗಟ್ಟಿ ಬಂಡೆಯನ್ನು ಕೊರೆಯುವಾಗ ಏಳುವ ಸಿಲಿಕಾ ದೂಳು ವರ್ಷಗಟ್ಟಲೆ ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿಯಾಗಿಸುತ್ತದೆ. ಇದು ಸಿಲಿಕೋಸಿಸ್. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದಲೇ. 1940ರ ದಶಕದಲ್ಲಿ ನಡೆದ ತಪಾಸಣೆಯಲ್ಲಿ 7,653 ಕಾರ್ಮಿಕರ ಪೈಕಿ 3,402 ಮಂದಿಯಲ್ಲಿ ರೋಗದ ಲಕ್ಷಣ ಕಂಡಿತು. ನೂರಕ್ಕೆ ಸುಮಾರು 44 ಮಂದಿ.

ಕಾನೂನು ಈ ರೋಗವನ್ನು ಕೆಲಸದಿಂದ ಬರುವ ರೋಗವೆಂದು ಒಪ್ಪಿದರೂ ವಕೀಲರಿಗೆ ಇದು ಅತ್ಯಂತ ಕಷ್ಟದ ಮೊಕದ್ದಮೆ. ಗಣಿ ಬಿಟ್ಟು ವರ್ಷಗಳಾದ ಮೇಲೆ ಉಸಿರಾಟ ಕಟ್ಟುತ್ತದೆ. ಅಷ್ಟರಲ್ಲಿ ಆತ ಹುಟ್ಟೂರಿಗೆ ಮರಳಿರುತ್ತಾನೆ. ಅಲ್ಲಿಯ ವೈದ್ಯರು ಕ್ಷಯವೆಂದು ಬರೆದುಕೊಟ್ಟರೆ ಪರಿಹಾರದ ಬಾಗಿಲು ಮುಚ್ಚಿತು. ಕ್ಷಯ ಯಾರಿಗಾದರೂ ಬರಬಹುದು, ಸಿಲಿಕೋಸಿಸ್ ದೂಳಿನಿಂದಲೇ ಬರಬೇಕು. ಚೀಟಿಯ ಮೇಲಿನ ಒಂದು ಪದದಿಂದ ಒಂದು ಸಂಸಾರದ ಅದೃಷ್ಟ ಬದಲಾಗುತ್ತಿತ್ತು.

1940ರ ದಶಕದಲ್ಲಿ ಕಾರ್ಮಿಕ ಸಂಘಗಳು ಬಂದ ಮೇಲೆ ಈ ಹೋರಾಟಕ್ಕೆ ಬಲ ಬಂತು. ಕೆ.ಎಸ್. ವಾಸನ್ ಅವರಂಥ ಕಮ್ಯುನಿಸ್ಟ್ ನಾಯಕರು ಗಣಿ ಕಾರ್ಮಿಕರನ್ನು ಸಂಘಟಿಸಿದರು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಪರಿಹಾರ ಆಯುಕ್ತರ ಮುಂದೆ ಕಾರ್ಮಿಕನ ಪರವಾಗಿ ವಕೀಲ ಮಾತ್ರವಲ್ಲ, ನೋಂದಾಯಿತ ಸಂಘದ ಪದಾಧಿಕಾರಿಯೂ ಹಾಜರಾಗಬಹುದು ಎಂದು ಕಾನೂನು ಹೇಳುತ್ತಿತ್ತು. ಸಂಘದ ಕಚೇರಿಯೂ ಹೀಗೆ ಅರ್ಧ ವಕೀಲರ ಕಚೇರಿಯಾಯಿತು. ಎಲ್ಲರಿಗೂ ಸೇರಿದ ಬೇಡಿಕೆ ಸಂಘಕ್ಕೆ, ಒಬ್ಬೊಬ್ಬರ ಕಾಗದ ವಕೀಲರಿಗೆ ಎಂಬುದು ಇಂಥ ಊರುಗಳ ವಾಡಿಕೆ.

ಗುಮಾಸ್ತೆಯ ಮೇಜು

ಇಂಥ ಕಚೇರಿಯ ನಿಜವಾದ ದುಭಾಷಿ ಗುಮಾಸ್ತೆ. ಕಕ್ಷಿಗಾರ ತಮಿಳಿನಲ್ಲಿ ಅಳುತ್ತಾನೆ, ಕಂಪನಿಯ ದಾಖಲೆ ಇಂಗ್ಲಿಷಿನಲ್ಲಿದೆ, ತಾಲ್ಲೂಕು ಕಚೇರಿಯ ಕಾಗದ ಕನ್ನಡದಲ್ಲಿ ಬರುತ್ತದೆ. ಮೂರನ್ನೂ ಹೊಂದಿಸಬೇಕು. ಎಲ್ಲಕ್ಕಿಂತ ಹೆಚ್ಚು ತೊಡಕು ಹೆಸರಿನದು. ಹಾಜರಿ ಪುಸ್ತಕದಲ್ಲಿ ಮುನುಸಾಮಿ, ಪಡಿತರ ಚೀಟಿಯಲ್ಲಿ ಮುನಿಸ್ವಾಮಿ, ಮಗನ ಶಾಲೆಯ ದಾಖಲೆಯಲ್ಲಿ ಮುನಿಯಪ್ಪ. ತಂದೆಯ ಹೆಸರಿನ ಮೊದಲಕ್ಷರ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಮೂವರೂ ಒಬ್ಬನೇ ಎಂಬ ಪ್ರಮಾಣಪತ್ರವಿಲ್ಲದೆ ಭವಿಷ್ಯನಿಧಿ ಬರುವುದಿಲ್ಲ.

ಕಾರ್ಮಿಕ ಸತ್ತರೆ ಉತ್ತರಾಧಿಕಾರ ಪ್ರಮಾಣಪತ್ರ ಬೇಕು. ಅದಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಉಪದಾನಕ್ಕೆ ಐದು ವರ್ಷದ ಸೇವೆ ಬೇಕೆಂಬ ನಿಯಮ ಸಾವಿನ ಸಂದರ್ಭಕ್ಕೆ ಇಲ್ಲ ಎಂಬುದು 1972ರ ಉಪದಾನ ಕಾಯ್ದೆಯಲ್ಲೇ ಇತ್ತಾದರೂ, ಹೇಳುವವರಿಲ್ಲದಿದ್ದರೆ ಎಷ್ಟು ವಿಧವೆಯರು ಕೇಳಿಯಾರು? ಇವು ಯಾವುದೂ ಕಾನೂನು ವರದಿಗಳಲ್ಲಿ ಅಚ್ಚಾಗುವ ಮೊಕದ್ದಮೆಗಳಲ್ಲ. ಇವುಗಳಿಂದ ವಕೀಲರಿಗೆ ಹೆಸರೂ ಬರುವುದಿಲ್ಲ. ಆದರೆ ಮನೆಯ ಒಲೆ ಉರಿಯುವುದು ಇವುಗಳಿಂದ.

ಕಪ್ಪು ಕೋಟಿನ ಕೆಳಗೆ ಯಾವಾಗಲೂ ಕರುಣೆಯೇ ಇರುತ್ತದೆಂದೇನೂ ಅಲ್ಲ. ಗೆದ್ದ ಹಣದಲ್ಲಿ ಪಾಲು ಪಡೆಯುವ ಕರಾರನ್ನು ವಕೀಲರು ಮಾಡಿಕೊಳ್ಳಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ಆಮಿಷವಿರುವುದರಿಂದಲೇ ನಿಷೇಧವಿದೆ ಎಂಬುದೂ ಅಷ್ಟೇ ನಿಜ. ವಕೀಲರನ್ನು ಇಡಲಾರದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಿಂದ ಇನ್ನೊಂದು ದಾರಿ ತೆರೆಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು, ಕೈಗಾರಿಕಾ ಕಾರ್ಮಿಕರು ಇದರಡಿ ಉಚಿತ ನೆರವಿಗೆ ಅರ್ಹರು. ಗಣಿ ಸೀಮೆಯ ಮನೆಗಳಲ್ಲಿ ಈ ಪಟ್ಟಿಗೆ ಸೇರದ ಮನೆ ಹುಡುಕುವುದೇ ಕಷ್ಟ. ಈ ನೆರವಿನ ಮೊಕದ್ದಮೆಗಳನ್ನು ನಡೆಸುವವರೂ ಸ್ಥಳೀಯ ವಕೀಲರೇ.

ಗಣಿ ಮುಚ್ಚಿದ ಮೇಲೆ

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. 1962ರಲ್ಲಿ ಅವು ಕೇಂದ್ರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿತು. ಅದಿರಿನಲ್ಲಿ ಚಿನ್ನದ ಅಂಶ ಕುಗ್ಗಿ, ಆಳದ ಗಣಿಗಾರಿಕೆಯ ವೆಚ್ಚ ಏರಿ ನಷ್ಟ ಬೆಳೆಯಿತು. ಕೈಗಾರಿಕಾ ವಿವಾದ ಕಾಯ್ದೆಯಂತೆ ಇಷ್ಟು ದೊಡ್ಡ ಗಣಿ ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕಿತ್ತು. 2001ರ ಜನವರಿಯಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ ಆ ಅನುಮತಿ ಕೊಟ್ಟಿತು. ಸಂಘಗಳು ಹೈಕೋರ್ಟಿಗೆ ಹೋದವು. ವ್ಯಾಜ್ಯ ಬೆಂಗಳೂರಿನಿಂದ ದೆಹಲಿಗೆ ಸಾಗಿತು. ಗಣಿಯ ಆಸ್ತಿಯ ವಿಷಯದಲ್ಲಿ ಜಾಗತಿಕ ಟೆಂಡರ್ ಕರೆಯುವ ಕೇಂದ್ರದ ನಿಲುವನ್ನು 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಆ ಹನ್ನೆರಡು ವರ್ಷಗಳಲ್ಲಿ ಊರು ಕಾಯುತ್ತ ಕೂರಲಿಲ್ಲ. ಗಣಿ ಕಾರ್ಮಿಕರ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗತೊಡಗಿದರು. ದೊಡ್ಡ ಮೊಕದ್ದಮೆಯನ್ನು ದೊಡ್ಡ ವಕೀಲರು ನಡೆಸಿದರು. ಅದರ ಒಂದೊಂದು ಆದೇಶದ ಅರ್ಥವನ್ನು ಕಕ್ಷಿಗಾರನಿಗೆ ಅವನ ಮಾತಿನಲ್ಲಿ ಬಿಡಿಸಿ ಹೇಳಬೇಕಾದದ್ದು ಮಾತ್ರ ಊರಿನಲ್ಲಿಯೇ. ಹಣ ಯಾವಾಗ ಬರುತ್ತದೆ? ಕಂಪನಿಯ ಮನೆ ಬಿಡಬೇಕೆ? ಅಪ್ಪ ಸತ್ತಿದ್ದಾನೆ, ಮನೆ ಯಾರ ಹೆಸರಿಗೆ? ನೂರು ಪುಟದ ತೀರ್ಪಿನಲ್ಲಿ ಈ ಪ್ರಶ್ನೆಗಳಿಗೆ ನೇರ ಉತ್ತರ ಸಿಗುವುದಿಲ್ಲ.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ದಿಬ್ಬಗಳ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಸುಮಾರು ಒಂದು ಸಾವಿರ ಎಕರೆಯ ಮಾತು ಅದು. ಕೆಲಸ ಬಂದೀತೆಂಬ ಆಸೆ, ದೂಳು ಎದ್ದೀತೆಂಬ ಭಯ, ಎರಡಕ್ಕೂ ಕಾರಣವಿದೆ. ಹೊಸ ಕೆಲಸದಲ್ಲಿ ಕಂತ್ರಾಟುದಾರನಿದ್ದರೆ ಹಳೆಯ ಪ್ರಶ್ನೆ ಮತ್ತೆ ಏಳುತ್ತದೆ: ಆಳಿಗೆ ಯಾರು ಧಣಿ? ಅದಕ್ಕೆ ಉತ್ತರ ಹುಡುಕುವವನು ಮೊದಲು ಏರುವ ಮೆಟ್ಟಿಲು ಪೇಟೆ ಬೀದಿಯದೇ ಆಗಿರುತ್ತದೆ.

1930ರಲ್ಲಿ ಅಜ್ಜ ಕೊಡಲೊಲ್ಲೆನೆಂದು ಮುಷ್ಕರ ಹೂಡಿದ ಹೆಬ್ಬೆಟ್ಟನ್ನು ಮಗ ಪರಿಹಾರದ ಅರ್ಜಿಯ ಮೇಲೆ ಒತ್ತಿದ. ಮೊಮ್ಮಗ ಈಗ ಸಹಿ ಮಾಡುತ್ತಾನೆ. ಸಹಿ ಮಾಡುವ ಮುನ್ನ ಕಾಗದವನ್ನು ಓದಿ ಹೇಳುವವರು ಒಬ್ಬರು ಬೇಕು ಎಂಬುದು ಮಾತ್ರ ಬದಲಾಗಿಲ್ಲ.