ಸನ್ನೆ

ಮತ್ತೋಡಿನ ರಸ್ತೆಬದಿಯಲ್ಲಿ ಹೊಸದುರ್ಗದ ಬಸ್ಸಿಗೆ ಕಾದವರು ಕೂಗುವುದಿಲ್ಲ, ಕೈ ಅಡ್ಡ ಹಿಡಿಯುತ್ತಾರೆ. ಡ್ರೈವರ್ ಬ್ರೇಕ್ ಒತ್ತುತ್ತಾನೆ. ಇದು ಸನ್ನೆ. ಸಂಸ್ಕೃತದ ‘ಸಂಜ್ಞಾ’ ಪ್ರಾಕೃತದಲ್ಲಿ ‘ಸಣ್ಣಾ’ ಆಗಿ, ಕನ್ನಡದ ಬಾಯಲ್ಲಿ ‘ಸನ್ನೆ’ಯಾಯಿತು. ‘ಸಂಜ್ಞೆ’ಯೂ ಉಳಿದಿದೆ, ಹೆಚ್ಚಾಗಿ ಪುಸ್ತಕದಲ್ಲಿ. ಕಣ್ಸನ್ನೆ, ಕೈಸನ್ನೆ ಎನ್ನುವಾಗ ನಮಗೆ ತದ್ಭವವೇ ಬೇಕು.

ಬ್ಯಾಕ್ಟೀರಿಯಾ ವಿಷಯ ಬರೆಯುವಾಗ ‘ಸಂಕೇತ’ ಎನ್ನುವುದು ರೂಢಿ. ನನಗೆ ಸನ್ನೆಯೇ ಇಷ್ಟ. ಸನ್ನೆಗೆ ಮಾಡುವವರೂ ಬೇಕು, ಅರಿತು ನಡೆಯುವವರೂ ಬೇಕು. ಆ ಪುಟ್ಟ ಕೋಶದಲ್ಲೂ ಹಾಗೆಯೇ. ಪೊರೆಯಲ್ಲಿ ಕೂತ ಹಿಸ್ಟಿಡಿನ್ ಕೈನೇಸ್ ಎಂಬ ಪ್ರೋಟೀನು ಹೊರಗಿನ ಬದಲಾವಣೆ ಗ್ರಹಿಸಿ, ತನ್ನ ಮೇಲೆ ಫಾಸ್ಫೇಟ್ ಗುಂಪೊಂದನ್ನು ಏರಿಸಿಕೊಂಡು, ಒಳಗಿನ ಜೊತೆಗಾರ ಪ್ರೋಟೀನಿಗೆ ದಾಟಿಸುತ್ತದೆ. ಆ ಜೊತೆಗಾರ ಕೆಲವು ಜೀನುಗಳನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ.

ಇಂಥ ಪ್ರೋಟೀನುಗಳನ್ನು ಜೀನೋಮುಗಳಿಂದ ಹೆಕ್ಕಿ ಪಟ್ಟಿಮಾಡುವ ಡೇಟಾಬೇಸುಗಳಿವೆ. ‘ಮಿಸ್ಟ್’ 2007ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲೇ, 2004ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಶ್ರೀನಿವಾಸನ್ ಅವರ ತಂಡ ‘ಕಿಂಗ್’ ಎಂಬ ಕೈನೇಸ್ ಡೇಟಾಬೇಸ್ ಪ್ರಕಟಿಸಿತ್ತು. ಅದು ಬ್ಯಾಕ್ಟೀರಿಯಾಕ್ಕಷ್ಟೇ ಸೀಮಿತವಲ್ಲ.

ಜೀನೋಮುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಕಾಣುವುದು ನಿಜಕ್ಕೂ ಬೆರಗಿನದು. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಇನ್ನೊಂದು ಬಗೆಯ ಕೈನೇಸುಗಳು, ಅಂದರೆ ಸೆರಿನ್-ಥ್ರಿಯೋನಿನ್ ಕೈನೇಸುಗಳು, 11. ಅದರ ದಾಯಾದಿ ಕುಷ್ಠದ ಬ್ಯಾಕ್ಟೀರಿಯಾದಲ್ಲಿ 4 ಮಾತ್ರ. ಆತಿಥೇಯನ ಕೋಶದೊಳಗೇ ಬದುಕಲು ಒಗ್ಗಿ ಅದು ಜೀನುಗಳನ್ನು ರಾಶಿರಾಶಿಯಾಗಿ ಕಳೆದುಕೊಂಡಿದೆ. ಉಳಿಸಿಕೊಂಡ ನಾಲ್ಕರಲ್ಲಿ ಪಿಕೆಎನ್-ಎ, ಪಿಕೆಎನ್-ಬಿ ಇವೆ: ಕೋಶ ಬೆಳೆದು ಎರಡಾಗುವುದಕ್ಕೆ ಸಂಬಂಧಿಸಿದ ಸನ್ನೆಗಳು.