ಕಾರಿನ ಮೈಗೆ ಗಟ್ಟಿ ಅಲ್ಯೂಮಿನಿಯಂ ತಗಡು: ರೂಪಣೆಯ ಇತಿಹಾಸ

ಕಾರಿನ ಹೊರಮೈಗೆ ಅಲ್ಯೂಮಿನಿಯಂ ಬಂದ ಕಥೆಯನ್ನು ಹೆಚ್ಚೆಚ್ಚು ಬಲವಾದ ಮಿಶ್ರಲೋಹಗಳ ಶೋಧವೆಂದು ಹೇಳುವುದುಂಟು. ಕಾಲಾನುಕ್ರಮ ಇದನ್ನು ಒಪ್ಪುವುದಿಲ್ಲ. ಬಲವಾದ ಲೋಹ ಬಹಳ ಮೊದಲೇ ಸಿಕ್ಕಿತ್ತು. ಆ ಬಲ ಯಾವ ಹಂತದಲ್ಲಿ ಬರಬೇಕೆಂಬುದನ್ನು ಅರಿಯಲು ದಶಕಗಳೇ ಹಿಡಿದವು. ತಾಮ್ರ, ಮೆಗ್ನೀಸಿಯಂ ಬೆರೆತ ಅಲ್ಯೂಮಿನಿಯಂ ಅನ್ನು ಕಾಯಿಸಿ ತಟ್ಟನೆ ತಣಿಸಿದರೆ ಅದು ಕೆಲವು ದಿನಗಳಲ್ಲಿ ತಾನಾಗಿ ಗಟ್ಟಿಯಾಗುತ್ತದೆಂದು ಜರ್ಮನಿಯ ಆಲ್ಫ್ರೆಡ್ ವಿಲ್ಮ್ 1906ರಲ್ಲಿ ಕಂಡರು. ಅದರಿಂದ ಹುಟ್ಟಿದ ಡ್ಯುರಾಲುಮಿನ್ ವಿಮಾನಗಳನ್ನು ಸೇರಿತು. 1936ರಲ್ಲಿ ಜಪಾನಿನ ಸುಮಿಟೊಮೊ ಸಂಸ್ಥೆ ರೂಪಿಸಿದ ಸತುವಿನ ಮಿಶ್ರಲೋಹ ಇನ್ನೂ ಬಲವಾಗಿತ್ತು. ಇಂದಿನ 7075 ಅದೇ ಕುಲದ್ದು, ಪೂರ್ತಿ ಗಟ್ಟಿಯಾದಾಗ ಅದರ ಬಲ 500 ಮೆಗಾಪಾಸ್ಕಲ್ ಮೀರುತ್ತದೆ. ಆದರೂ ಕಾರುಗಳು ಮೆತ್ತನೆಯ ತಗಡನ್ನೇ ನೆಚ್ಚಿದವು. ಯುದ್ಧಾನಂತರ ಉಕ್ಕಿನ ಅಭಾವದಲ್ಲಿ 1948ರ ಲ್ಯಾಂಡ್ ರೋವರ್ ಬಳಸಿದ ಬರ್ಮಾಬ್ರೈಟ್ ಕಾಯಿಸಿ ಗಟ್ಟಿಗೊಳಿಸಲಾಗದ ಮೆಗ್ನೀಸಿಯಂ ಮಿಶ್ರಲೋಹ. ಆ ವಾಹನದ ಮೈ ಬಹುಪಾಲು ಚಪ್ಪಟೆಯಾಗಿದ್ದರಿಂದ ಅಷ್ಟೇ ಸಾಕಾಯಿತು.

ತಡೆದದ್ದು ಬೆಲೆಯಲ್ಲವೇ ಎಂದು ಕೇಳಬಹುದು. ಫ್ರಾನ್ಸಿನ ಪನಾರ್ ಕಂಪನಿ ಡೀನಾ ಝಡ್ ಕಾರಿನ ಅಲ್ಯೂಮಿನಿಯಂ ಮೈಯನ್ನು ಬಿಟ್ಟು ಉಕ್ಕಿಗೆ ಮರಳಿದ್ದು ಬೆಲೆಯ ಕಾರಣಕ್ಕೇ. ಆದರೆ ಬೆಲೆ ಲೆಕ್ಕಿಸದ ಐಷಾರಾಮಿ ಕಾರುಗಳಿಗೂ ಕುಶಲಕರ್ಮಿಗಳು ಸುತ್ತಿಗೆಯಿಂದ ತಟ್ಟಿ ಮಣಿಸಿದ್ದು ಮೆತ್ತನೆಯ ತಗಡನ್ನೇ. ಈಗಾಗಲೇ ಗಟ್ಟಿಯಾದ ತಗಡನ್ನು ತಣ್ಣಗೆ ಆಳವಾದ ಅಚ್ಚಿಗೆ ಒತ್ತಿದರೆ ಸೀಳುತ್ತದೆ. ಸೀಳದಿದ್ದರೂ ಒತ್ತಡ ಬಿಟ್ಟೊಡನೆ ಹಿಂದಕ್ಕೆ ಸೆಟೆಯುತ್ತದೆ. ಅಲ್ಯೂಮಿನಿಯಂನ ಬಿಗಿತ ಉಕ್ಕಿನ ಮೂರನೇ ಒಂದು ಪಾಲು ಮಾತ್ರ, ಹಾಗಾಗಿ ಈ ಸೆಟೆತ ದೊಡ್ಡದು.

ದಾರಿ ತೆರೆದದ್ದು ಮೆಗ್ನೀಸಿಯಂ, ಸಿಲಿಕಾನ್ ಬೆರೆತ 6000 ಸರಣಿ. ಈ ತಗಡನ್ನು ಮೆದುವಾಗಿದ್ದಾಗಲೇ ಒತ್ತುತ್ತಾರೆ. ಬಣ್ಣ ಒಣಗಿಸುವ ಸುಮಾರು 180 ಡಿಗ್ರಿ ಸೆಲ್ಸಿಯಸ್‌ನ ಒಲೆಯಲ್ಲಿ ಅದು ಗಟ್ಟಿಯಾಗುತ್ತದೆ. ಹೇಗೂ ನಡೆಯಬೇಕಾದ ಕೆಲಸದೊಳಗೇ ಲೋಹಕ್ಕೆ ಬಲ ತುಂಬಿದ ಈ ಜಾಣ್ಮೆ ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಅತಿ ದೊಡ್ಡ ಹೆಜ್ಜೆ. 1994ರ ಆಡಿ ಎ8ರ ನಂತರ, 2014ರ ಕೊನೆಗೆ ಬಂದ ಫೋರ್ಡ್ ಎಫ್-150 ಅಲ್ಯೂಮಿನಿಯಂ ಮೈಯನ್ನು ಭಾರೀ ಸಂಖ್ಯೆಯ ಉತ್ಪಾದನೆಗೆ ತಂದಿತು. ತೂಕ 300 ಕಿಲೋಗೂ ಹೆಚ್ಚು ಇಳಿಯಬಲ್ಲದೆಂದು ಕಂಪನಿ ಹೇಳಿತು.

ಅಪಘಾತದ ಪೆಟ್ಟು ತಾಳುವ ಕಾರಿನ ಕಂಬಗಳಿಗೆ ಅಷ್ಟು ಬಲ ಸಾಲದು. ಅದಕ್ಕಾಗಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜಿಯಾಂಗುವೊ ಲಿನ್ ಮತ್ತು ಸಂಗಡಿಗರು ಬೆಳೆಸಿದ ವಿಧಾನದಲ್ಲಿ, ಕಾದ ತಗಡನ್ನು ತಣ್ಣನೆಯ ಅಚ್ಚಿನಲ್ಲಿ ಒತ್ತುತ್ತಲೇ ತಣಿಸುತ್ತಾರೆ. ಉಕ್ಕಿನ ಬಿಸಿ ಒತ್ತುವಿಕೆಯನ್ನೇ ಇಲ್ಲಿ ಎರವಲು ತಂದಿದ್ದಾರೆ ಎನ್ನುವುದು ಅರ್ಧ ಸತ್ಯ. ಉಕ್ಕು ಅಚ್ಚಿನೊಳಗೇ ಗಡಸಾಗುತ್ತದೆ. ಅಲ್ಯೂಮಿನಿಯಂನಲ್ಲಿ ಕರಗಿದ ಪರಮಾಣುಗಳು ಇದ್ದಲ್ಲೇ ಸಿಕ್ಕಿಕೊಳ್ಳುತ್ತವೆ ಅಷ್ಟೆ, ಬಲ ಬರುವುದು ಆಮೇಲಿನ ಕಾಯಿಸುವಿಕೆಯಲ್ಲಿ. 7075ಕ್ಕೆ ಅದು ವಾಡಿಕೆಯಂತೆ 120 ಡಿಗ್ರಿಯಲ್ಲಿ 24 ಗಂಟೆ. ಕಾರು ಕಾರ್ಖಾನೆಯ ಸಾಲು ಅಷ್ಟು ಹೊತ್ತು ಕಾಯಲಾರದು. ಈಗಿನ ಸಂಶೋಧನೆ ಆ ಅವಧಿಯನ್ನು ಮೊಟಕುಗೊಳಿಸುವತ್ತ ಸಾಗಿದೆ.