ಎಷ್ಟು ಸುತ್ತಿದರೂ ತಲೆ ಸುತ್ತದ ವಿದ್ಯೆ

ಅಂಗಳದಲ್ಲಿ ಮಕ್ಕಳು ಕೈ ಕೈ ಹಿಡಿದು ಗಿರಗಿರನೆ ಸುತ್ತುತ್ತಾರೆ. ನಿಂತ ಕೂಡಲೇ ಭೂಮಿಯೇ ತಿರುಗಿದಂತಾಗಿ ಧೊಪ್ಪನೆ ಕುಸಿಯುತ್ತಾರೆ. ಹತ್ತು ಸುತ್ತಿಗೇ ಈ ಪಾಡಾದರೆ, ನಿಮಿಷಗಟ್ಟಲೆ ಒಂದೇ ಸಮನೆ ಸುತ್ತುವ ನರ್ತಕರ ಗತಿಯೇನು? ವಿಜ್ಞಾನ ಇದಕ್ಕೆ ಉತ್ತರ ಹುಡುಕುವ ಮೊದಲೇ ನೃತ್ಯ ಪರಂಪರೆಗಳು ತಮ್ಮ ತಮ್ಮ ದಾರಿ ಕಂಡುಕೊಂಡಿದ್ದವು. ಅವುಗಳಲ್ಲಿ ಎರಡು ಒಂದಕ್ಕೊಂದು ತೀರ ವಿರುದ್ಧ ಎಂಬುದೇ ಸ್ವಾರಸ್ಯ.

ಮೊದಲನೆಯದು ಟರ್ಕಿಯ ಕೊನ್ಯಾ ನಗರದ್ದು. ಸೂಫಿ ಕವಿ ಜಲಾಲುದ್ದೀನ್ ರೂಮಿ 1273ರಲ್ಲಿ ಕಾಲವಾದದ್ದು ಇಲ್ಲಿಯೇ. ಅವರ ಅನುಯಾಯಿಗಳದ್ದು ಮೆವ್ಲೆವಿ ಪಂಥ. ಬಲ ಅಂಗೈ ಆಕಾಶಕ್ಕೆ, ಎಡ ಅಂಗೈ ನೆಲಕ್ಕೆ ಮಾಡಿ, ಬಿಳಿಯ ನಿಲುವಂಗಿ ಅರಳುವಂತೆ ಸುತ್ತುವ 'ಸಮಾ' ಈ ಪಂಥದ ಆರಾಧನೆ. ನೋಡುವವರಿಗೆ ಮೈಮರೆತ ಕುಣಿತದಂತೆ ಕಂಡರೂ ಅದರ ಹಿಂದೆ ಕಟ್ಟುನಿಟ್ಟಿನ ಶಿಸ್ತಿದೆ.

ಹಿಂದೆ ಹೊಸದಾಗಿ ಸೇರಿದವನು ಮಠದ ಅಡುಗೆಮನೆಯಲ್ಲಿ 1001 ದಿನ ಸೇವೆ ಮಾಡಬೇಕಿತ್ತು. ಸುತ್ತುವ ಪಾಠವೂ ಅಲ್ಲಿಯೇ. ಒಂದು ಮರದ ಹಲಗೆ, ಅದರ ನಡುವೆ ಗುಂಡುತಲೆಯ ಮೊಳೆ, ಮೇಲೆ ಉದುರಿಸಿದ ಉಪ್ಪು. ಎಡಗಾಲ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಮೊಳೆ ಸಿಕ್ಕಿಸಿಕೊಂಡು ತಿರುಗಬೇಕು. ಎಡಗಾಲಿಗೆ 'ಕಂಬ' ಎಂಬರ್ಥದ ಹೆಸರು. ಬಲಗಾಲು ಹಾಕುವ ಸುತ್ತಿಗೆ 'ಚಾರ್ಕ್'. ಪರ್ಷಿಯನ್‌ನಿಂದ ಬಂದ ಈ ಪದ ನಮ್ಮ ಚಕ್ರ, ಚರಕಗಳ ಬಂಧು. ತಲೆ ತುಸು ವಾಲಿ ಮೈಯೊಡನೆಯೇ ತಿರುಗುತ್ತದೆ. ಕಣ್ಣು ಸುತ್ತಲಿನ ಯಾವುದನ್ನೂ ದಿಟ್ಟಿಸುವುದಿಲ್ಲ.

ಯೂರೋಪಿನ ಬ್ಯಾಲೆಯಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿ ದಿಟ್ಟಿಸಲೇಬೇಕು. ಎದುರಿನ ಒಂದು ಬಿಂದುವಿನ ಮೇಲೆ ನೋಟ ನೆಟ್ಟು, ಮೈ ತಿರುಗಿದರೂ ತಲೆಯನ್ನು ಆದಷ್ಟು ಹೊತ್ತು ಅಲ್ಲೇ ನಿಲ್ಲಿಸಿ, ಕೊನೆಯಲ್ಲಿ ಸರ್ರನೆ ಹೊರಳಿಸಿ ಮತ್ತೆ ಅದೇ ಬಿಂದುವನ್ನು ಹಿಡಿಯುತ್ತಾರೆ. 'ಸ್ಪಾಟಿಂಗ್' ಎಂಬ ಈ ಉಪಾಯ ನಮ್ಮ ಕಥಕ್ ಚಕ್ಕರ್‌ಗಳಲ್ಲೂ ಉಂಟು. 1893ರಲ್ಲಿ ಇಟಲಿಯ ಪಿಯೆರಿನಾ ಲೆನ್ಯಾನಿ ಸೇಂಟ್ ಪೀಟರ್ಸ್‌ಬರ್ಗ್‌ನ 'ಸಿಂಡರೆಲಾ' ಪ್ರದರ್ಶನದಲ್ಲಿ ಒಂಟಿಕಾಲಿನ ಮೇಲೆ 32 ಸುತ್ತು ಹಾಕಿ ರಷ್ಯನ್ನರನ್ನು ಬೆರಗುಗೊಳಿಸಿದರು. 1895ರಲ್ಲಿ 'ಸ್ವಾನ್ ಲೇಕ್'ಗೂ ಆ ಸುತ್ತುಗಳು ಬಂದವು. ಅಂದಿನಿಂದ ಆ ಪಾತ್ರ ವಹಿಸುವವರಿಗೆ ಅದೊಂದು ಅಗ್ನಿಪರೀಕ್ಷೆ.

ಅಷ್ಟಕ್ಕೂ ತಲೆ ಸುತ್ತುವುದೇಕೆ? ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ. ನಾವು ನಿಂತರೂ ಆ ದ್ರವದ ಓಟ ತಕ್ಷಣ ನಿಲ್ಲುವುದಿಲ್ಲ. ಇನ್ನೂ ತಿರುಗುತ್ತಿದ್ದೇವೆಂದು ಕಿವಿ ಹೇಳುತ್ತದೆ, ಇಲ್ಲವೆಂದು ಕಾಲು ಹೇಳುತ್ತದೆ. ಈ ಜಗಳವೇ ತಲೆಸುತ್ತು. 1870ರ ದಶಕದಲ್ಲಿ ವಿಜ್ಞಾನಿಗಳು ಇದನ್ನು ಊಹಿಸಿದರು. ಒಳಕಿವಿಯ ಸಮತೋಲನ ವ್ಯವಸ್ಥೆಯ ಸಂಶೋಧನೆಗಾಗಿ ಆಸ್ಟ್ರಿಯಾದ ವೈದ್ಯ ರಾಬರ್ಟ್ ಬಾರಾನಿ ಅವರಿಗೆ 1914ರ ನೊಬೆಲ್ ಪ್ರಶಸ್ತಿ ಸಂದಿತು. ಸುದ್ದಿ ತಲುಪಿದಾಗ ಅವರು ರಷ್ಯದಲ್ಲಿ ಯುದ್ಧಕೈದಿಯಾಗಿದ್ದರು!

ಹಾಗಾದರೆ ಎಲ್ಲವೂ ಕಣ್ಣಿನ ಉಪಾಯವೇ? ಅಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 29 ಬ್ಯಾಲೆ ನರ್ತಕಿಯರನ್ನೂ 20 ಮಂದಿ ದೋಣಿ ಸ್ಪರ್ಧಿಗಳನ್ನೂ ಕತ್ತಲ ಕೋಣೆಯ ಕುರ್ಚಿಯಲ್ಲಿ ಕೂರಿಸಿ ತಿರುಗಿಸಿದರು. ಕತ್ತಲಲ್ಲಿ ದಿಟ್ಟಿಸಲು ಬಿಂದುವೇ ಇಲ್ಲ. ಆದರೂ ಕುರ್ಚಿ ನಿಂತ ಮೇಲೆ ನರ್ತಕಿಯರಲ್ಲಿ ತಿರುಗುವ ಭ್ರಮೆ ಬೇಗ ಅಡಗಿತು. ಕಿವಿಯ ಸಂಕೇತಗಳನ್ನು ಪಡೆಯುವ ಕಿರುಮೆದುಳಿನ ಒಂದು ಭಾಗ ಅವರಲ್ಲಿ ಚಿಕ್ಕದಾಗಿತ್ತು. ವರ್ಷಗಳ ಸಾಧನೆ ಮೆದುಳನ್ನೇ ಪಳಗಿಸುತ್ತದೆ ಎಂದು 2013ರಲ್ಲಿ ಪ್ರಕಟವಾದ ಈ ಅಧ್ಯಯನ ಸೂಚಿಸಿತು. ಸದಾ ತಲೆಸುತ್ತಿನಿಂದ ನರಳುವ ರೋಗಿಗಳ ಚಿಕಿತ್ಸೆಗೂ ಇದರಿಂದ ನೆರವಾದೀತೆಂಬ ಆಸೆ ವೈದ್ಯರದ್ದು.

ಈ ಬೆಳಕಿನಲ್ಲಿ ಕೊನ್ಯಾದ ಕಥೆಯನ್ನು ಮತ್ತೊಮ್ಮೆ ನೋಡಬೇಕು. 1925ರಲ್ಲಿ ಟರ್ಕಿ ಗಣರಾಜ್ಯವು ಸೂಫಿ ಮಠಗಳನ್ನೆಲ್ಲ ಕಾನೂನಿನಿಂದ ಮುಚ್ಚಿಸಿತು. ಕೊನ್ಯಾದ ಮಠ ವಸ್ತುಸಂಗ್ರಹಾಲಯವಾಯಿತು. ಸಮಾ ಮತ್ತೆ ಜನರ ಮುಂದೆ ಬಂದದ್ದು 1950ರ ದಶಕದಲ್ಲಿ, ಅದೂ ಸಾಂಸ್ಕೃತಿಕ ಪ್ರದರ್ಶನವಾಗಿ. ಯುನೆಸ್ಕೋ 2008ರಲ್ಲಿ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮೊಳೆ ಹೊಡೆದ ಹಲಗೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಬಹುದು. ಅದರ ಮೇಲೆ ಪಳಗಿದ ಮೈಯನ್ನು ಹಾಗೆ ಇಡಲಾಗದು. ಮುಚ್ಚುವ ಮೊದಲು ಕಲಿತಿದ್ದ ಹಿರಿಯರು ಇನ್ನೂ ಬದುಕಿದ್ದರಿಂದ ವಿದ್ಯೆ ಉಳಿಯಿತು. ಇನ್ನೊಂದು ತಲೆಮಾರು ಕಳೆದಿದ್ದರೆ ಕಲಿಸುವವರೇ ಇರುತ್ತಿರಲಿಲ್ಲ.